ಕಟ್ಟಿದ ದೋಣಿ ಬಿಚ್ಚಿಸಿದ ಭರಮ

"ಕೇಳಿರಪ್ಪೋ ಕೇಳಿ! ಕೆಂಗಲ್ಲಿನ ದೊರೆ ಬೀರರಸರ ಅಪ್ಪಣೆ! ರಾಜಕುಮಾರಿ ಪದ್ಮಲೆ ಮೂರು ಒಗಟು ಕೇಳುತ್ತಾಳೆ. ಮೂರನ್ನೂ ಒಡೆದವನಿಗೆ ಅವಳ ಕೈ, ಜೊತೆಗೆ ಅರ್ಧ ರಾಜ್ಯ. ಒಂದು ತಪ್ಪಿದರೂ ಬರುವ ಅಮಾವಾಸ್ಯೆಗೆ ತಲೆದಂಡ. ಒಗಟು ಒಡೆಯುವ ತನಕ ಹೊಳೆಗೆ ಒಂದು ದೋಣಿಯೂ ಇಳಿಯಕೂಡದು!"

ಡಂಗುರದವನು ಹೀಗೆ ಸಾರುವಾಗ ಹನ್ನೆರಡು ಮಂದಿ ವಿದ್ಯಾರ್ಥಿಗಳು ಗುದ್ದಲಿ, ಪುಟ್ಟಿ ಹೊತ್ತು ಹೊಳೆಯ ದಡಕ್ಕೆ ಬಂದು ನಿಂತಿದ್ದರು. ಹತ್ತು ದಿನದ ದಾರಿ ನಡೆದು ಬಂದ ಮಠದ ಹುಡುಗರು. ಆಚೆ ದಡದ ಮುಳ್ಳಿಗೆರೆಯಲ್ಲಿ ಮಕ್ಕಳು ಕೆಸರು ನೀರು ಕುಡಿದು ಸಾಯುತ್ತಿದ್ದರು. ಮಳೆಗಾಲಕ್ಕೆ ಮೊದಲು ಅಲ್ಲೊಂದು ಬಾವಿ ತೋಡಿಕೊಡಲು ಇವರು ಹೊರಟಿದ್ದರು. ದೋಣಿ ಕಟ್ಟಿಹಾಕಿದ ಸುದ್ದಿ ಅವರಿಗೆ ಮುಟ್ಟಿರಲಿಲ್ಲ.

"ಇನ್ನೇನು, ವಾಪಸು ಹೋಗೋಣ," ಎಂದ ಅವರಲ್ಲಿ ಹಿರಿಯನಾದ ಶಿವದೇವ.

ಅಡುಗೆಯ ಪಾತ್ರೆ ಹೊತ್ತು ಕೊನೆಯಲ್ಲಿ ಬರುತ್ತಿದ್ದವನು ಭರಮ, ಕುಂಬಾರರ ಹುಡುಗ. ಪಾಠದಲ್ಲಿ ಹಿಂದೆ, ಮಾತಿನಲ್ಲೂ ಹಿಂದೆ. ಅವನು ಮೆಲ್ಲಗೆ ಹೇಳಿದ: "ಅಣ್ಣಾ, ಗುದ್ದಲಿ ಹೊತ್ತು ಬಂದು ಬರಿಗೈಲಿ ಹೋಗೋದು ಬೇಡ. ಈ ದಡದ ಮೇಲಿರೋ ಛತ್ರದ ಹಿಂದಿನ ಬಾವಿ ಹಾಳುಬಿದ್ದಿದೆ. ದೋಣಿ ಬಿಡೋ ತನಕ ಅದರ ಹೂಳನ್ನಾದ್ರೂ ತೆಗೆಯೋಣ."

ಕೆಲವರು ಗೊಣಗಿದರು. ಆದರೂ ಮರುದಿನ ಎಲ್ಲರೂ ಬಾವಿಗಿಳಿದರು. ಸಂಜೆಯಾದರೆ ಭರಮ ದಡಕ್ಕೆ ಹೋಗಿ ಕೂರುತ್ತಿದ್ದ. ಹೊಳೆಯ ಆಚೆ ಮುಳ್ಳಿಗೆರೆಯ ಒಲೆಗಳ ಹೊಗೆ ಸಣ್ಣಗೆ ಏಳುತ್ತಿತ್ತು. ಒಂದು ದಿನ ಏಳು ಎಳೆ ಹೊಗೆ ಕಂಡರೆ ಮರುದಿನ ಆರೇ ಕಾಣುತ್ತಿತ್ತು. ಇನ್ನೊಂದು ಮನೆಯ ಒಲೆ ಆರಿತು ಎಂದು ಅವನು ಲೆಕ್ಕ ಹಾಕುತ್ತಿದ್ದ.

ನೀರಿಗೆ ಬರುತ್ತಿದ್ದ ಹೆಂಗಸರು ಅವನಿಗೆ ಸಂಗತಿ ತಿಳಿಸಿದರು. ಪದ್ಮಲೆಯ ಅಣ್ಣ ಮಲ್ಲರಸ ಮೂರು ವರ್ಷದ ಹಿಂದೆ ದೇಶ ನೋಡಿ ಬರುತ್ತೇನೆಂದು ದೋಣಿ ಹತ್ತಿದವನು ತಿರುಗಿ ಬರಲಿಲ್ಲ. ಮೂರನೆಯ ದೀಪಾವಳಿಗೂ ಅಣ್ಣ ಬಾರದಾಗ, ಇನ್ಯಾರ ಅಣ್ಣನನ್ನೂ ಈ ಹೊಳೆ ಒಯ್ಯಬಾರದೆಂದು ಅವಳು ಹಟ ಹಿಡಿದು ದೋಣಿಗಳನ್ನೆಲ್ಲ ಕಟ್ಟಿಹಾಕಿಸಿದಳು. ಮದುವೆಯ ಮಾತೆತ್ತಿದ ತಂದೆಗೆ ಈ ಒಗಟುಗಳನ್ನು ಮುಂದಿಟ್ಟಳು.

ಬಾವಿ ಶುದ್ಧವಾದ ದಿನ ಭರಮ ಕೆಸರುಗಾಲಲ್ಲೇ ಅರಮನೆಗೆ ನಡೆದ. ಅಲ್ಲಿ ಅವನಿಗಿಂತ ಮೊದಲೇ ಇಬ್ಬರು ನಿಂತಿದ್ದರು. ಒಬ್ಬ ನೆರೆರಾಜ್ಯದ ಯುವರಾಜ, ಇನ್ನೊಬ್ಬ ರತ್ನದ ವ್ಯಾಪಾರಿಯ ಮಗ.

ಪದ್ಮಲೆ ಯುವರಾಜನನ್ನು ಕೇಳಿದಳು: "ಹೋದವನ ಹಿಂದೆ ಹೋಗುವಂತೆ ಕಾಣುತ್ತದೆ, ಆದರೆ ಇದ್ದಲ್ಲಿಂದ ಅಲುಗುವುದಿಲ್ಲ. ದಿನಾ ನನ್ನ ಬಾಗಿಲಿಗೆ ಬಂದು ಮಲಗುತ್ತದೆ, ಒಳಗೆ ಬರುವುದಿಲ್ಲ. ಏನದು?"

"ನೆರಳು," ಎಂದ ಯುವರಾಜ.

"ನೆರಳು ಅಲುಗುತ್ತದೆ," ಎಂದಳು ಪದ್ಮಲೆ. ಭಟರು ಅವನನ್ನು ಸೆರೆಗೆ ಒಯ್ದರು.

ವ್ಯಾಪಾರಿಯ ಮಗ ಮೊದಲನೆಯದನ್ನು ಒಡೆದ: "ದಾರಿ." ಸಭೆ ತಲೆದೂಗಿತು. ಎರಡನೆಯದು ಬಂತು: "ದಿನಾ ತೆಗೆದುಕೊಂಡರೆ ಚೆನ್ನಾಗಿರುತ್ತದೆ. ಯಾರೂ ತೆಗೆದುಕೊಳ್ಳದೆ ಬಿಟ್ಟರೆ ಕೆಟ್ಟು ನಾರುತ್ತದೆ. ಏನದು?"

"ಹಣ!" ಎಂದ ಅವನು ತಡಮಾಡದೆ.

"ದಿನಾ ತೆಗೆದರೆ ಹಣ ತೀರುತ್ತದೆ," ಎಂದಳು. ಅವನೂ ಸೆರೆಗೆ ಹೋದ.

ಭರಮನ ಕಾಲಿನ ಕೆಸರು ನೋಡಿ ಸಭೆಯಲ್ಲಿ ನಗು ಎದ್ದಿತು. ಪದ್ಮಲೆ ನಗಲಿಲ್ಲ. "ಜೀವದ ಆಸೆಯಿದ್ದರೆ ಈಗಲೇ ಹೋಗು," ಎಂದಳು.

"ಆಸೆ ಇದೆ, ತಾಯಿ. ಆದರೆ ಆಚೆ ದಡದಲ್ಲಿ ಹೊಗೆ ಕಮ್ಮಿಯಾಗ್ತಿದೆ," ಎಂದ ಭರಮ. "ಮೊದಲನೆಯದು ದಾರಿಯೇ. ಎರಡನೆಯದು ಬಾವಿಯ ನೀರು. ಸೇದಿದಷ್ಟೂ ಹೊಸ ನೀರಿನ ಊಟೆ ಬರುತ್ತೆ. ಸೇದದೆ ಬಿಟ್ಟ ಬಾವಿ ಹೇಗೆ ನಾರುತ್ತೆ ಅಂತ ನನ್ನ ಮೈಯೇ ಹೇಳುತ್ತೆ."

ಪದ್ಮಲೆಯ ದನಿ ಸಣ್ಣದಾಯಿತು. "ಇದ್ದಾಗ ಯಾರ ಕಣ್ಣಿಗೂ ಬೀಳದು. ಬರಿದಾದ ಮೇಲೆ ಮನೆಯಲ್ಲಿ ಅದೊಂದೇ ಕಾಣುವುದು. ಏನದು?"

ಭಟರು ಒಂದು ಹೆಜ್ಜೆ ಮುಂದಿಟ್ಟರು.

"ಹೋದವರು ಕೂರುತ್ತಿದ್ದ ಜಾಗ," ಎಂದ ಭರಮ. "ನಮ್ಮವ್ವ ಇದ್ದಾಗ ಮಡಕೆ ಮಾಡೋ ತಿಗರಿಯ ಪಕ್ಕ ಕೂತು ಮಣ್ಣು ನಾದುತ್ತಿದ್ದಳು. ಆ ಜಾಗ ನಾನು ಒಂದು ದಿನವೂ ನೋಡಿರಲಿಲ್ಲ. ಅವಳು ಹೋದ ಮೇಲೆ ಅಲ್ಲಿ ಕಾಲಿಡೋಕೂ ಆಗಲಿಲ್ಲ. ಅದಕ್ಕೇ ಮಠ ಸೇರಿದೆ."

ಪದ್ಮಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ದೊರೆ ಎದ್ದು, "ಗೆದ್ದೆ ಮಗನೇ. ಏನು ಬೇಕು ಕೇಳು," ಎಂದ.

"ಸೆರೆಯಲ್ಲಿರೋರನ್ನ ಬಿಟ್ಟುಬಿಡಿ. ದೋಣಿ ಬಿಚ್ಚಿಸಿ. ಮಿಕ್ಕ ಮಾತು ಆಚೆ ದಡದ ಬಾವಿ ಆದಮೇಲೆ."

"ಅಣ್ಣ ಬರುವ ತನಕ ನನಗೂ ಮದುವೆ ಬೇಡ," ಎಂದಳು ಪದ್ಮಲೆ. "ಆದರೆ ಆಚೆ ದಡವನ್ನು ಒಂದು ಸಲ ನೋಡಬೇಕು."

ಮರುದಿನ ಮೊದಲ ದೋಣಿಯಲ್ಲಿ ಅವಳೂ ಕೂತಳು. ಆಚೆ ದಡದಲ್ಲಿ ಬಲೆ ಒಣಗಿಸುತ್ತಿದ್ದ ಮುದುಕಿಯೊಬ್ಬಳು ಅವಳ ಮುಖವನ್ನೇ ನೋಡಿದಳು. "ನಿನ್ನಂಥದೇ ಮೂಗಿನ ಹುಡುಗ ಒಬ್ಬ ಇಲ್ಲಿಗೆ ಬಂದಿದ್ದ ಕಣವ್ವಾ. ದೀಪಾವಳಿ ಕಳೆದ ಮೇಲೆ ಎರಡು ತಿಂಗಳು ಆ ದಡ ನೋಡ್ತಾ ಕೂತಿದ್ದ. ದೋಣಿ ಬರಲೇ ಇಲ್ಲ."

ಪದ್ಮಲೆ ಮುದುಕಿಯ ಮುಂದೆ ಮರಳಲ್ಲಿ ಕೂತಳು. ದೋಣಿ ಕಟ್ಟಿಹಾಕಿಸಿದವಳು ತಾನೇ. "ಎಲ್ಲಿಗೆ ಹೋದ, ಅಜ್ಜಿ?"

"ಸಂಕ್ರಾಂತಿಗೆ ಹೊರಟ. ಬೆಟ್ಟ ಸುತ್ತಿಕೊಂಡು ನಡೆದೇ ಮನೆ ಸೇರ್ತೀನಿ ಅಂದ. ಎಂಟು ತಿಂಗಳ ದಾರಿಯಂತೆ."

ಭರಮ ಪಕ್ಕದಲ್ಲಿ ಕೂತು ಬೆರಳು ಮಡಿಸಿ ಎಣಿಸಿದ. "ಮಹಾನವಮಿ ಹೊತ್ತಿಗೆ ಬರ್ತಾರೆ, ತಾಯಿ."

"ಬಂದಾಗ ನಾನು ಮನೆಯಲ್ಲಿರಬೇಕು," ಎಂದು ಪದ್ಮಲೆ ಎದ್ದು ಅದೇ ದೋಣಿಯಲ್ಲಿ ಹಿಂತಿರುಗಿದಳು.

ಮುಳ್ಳಿಗೆರೆಯ ಬಾವಿಯಲ್ಲಿ ಇಪ್ಪತ್ತೆಂಟನೆಯ ದಿನ ನೀರು ಬಂತು. ಶಿವದೇವ ಮೊದಲ ಬೊಗಸೆಯನ್ನು ಭರಮನಿಗೇ ಕುಡಿಸಿದ. ಉಳಿದವರು ಮಠಕ್ಕೆ ಮರಳಿದರೆ, ಭರಮ ಕೆಂಗಲ್ಲಿಗೆ ಬಂದ. ಮಳೆಗಾಲವಿಡೀ ಅವನೂ ಪದ್ಮಲೆಯೂ ಬೆಟ್ಟದ ಕಡೆಯಿಂದ ಬರುವ ಪ್ರತಿಯೊಬ್ಬನನ್ನೂ ನಿಲ್ಲಿಸಿ ವಿಚಾರಿಸಿದರು. ಮಹಾನವಮಿಗೆ ಮೂರು ದಿನ ಇರುವಾಗ, ಗಡ್ಡ ಬಿಟ್ಟು ಕಡ್ಡಿಯಂತಾಗಿದ್ದ ಒಬ್ಬ ಅಪರಿಚಿತ ಅರಮನೆಯ ಜಗಲಿಗೆ ಬಂದು ನಿಂತ. ಪದ್ಮಲೆ ಅವನನ್ನೂ ಕೇಳಿದಳು, "ದಾರಿಯಲ್ಲಿ ನಮ್ಮಣ್ಣನನ್ನು ಕಂಡೆಯಾ?"

"ಪದ್ದೂ," ಎಂದ ಅವನು.