ಈಗಲೇರಾಯ ಚದುರಂಗ ಕಲಿತದ್ದು

ಹುಣಸೇಗಡಿ ಅಂತ ಒಂದು ರಾಜ್ಯ ಇತ್ತು. ಎಲ್ಲಿತ್ತು, ಯಾವಾಗ ಇತ್ತು ಅಂತ ಕೇಳಬೇಡಿ ಮಕ್ಕಳಾ, ಕೇಳಿದರೆ ಕಥೆ ಇಲ್ಲಿಗೇ ನಿಲ್ಲಿಸಿಬಿಡ್ತೀನಿ. ಇತ್ತು ಅಂದರೆ ಇತ್ತು.

ಆ ರಾಜ್ಯಕ್ಕೆ ಚೆಲುವರಸ ಅಂತ ಒಬ್ಬ ರಾಜ. ಒಳ್ಳೆಯವನೇ. ಆದರೆ ಅವನಿಗೆ ಎಲ್ಲವೂ ಈಗಲೇ ಆಗಬೇಕು. ಮಾವಿನ ವಾಟೆ ನೆಟ್ಟ, ಹಣ್ಣು ಈಗಲೇ ಬೇಕು ಅಂದ. ಹಾಲಿಗೆ ಹೆಪ್ಪು ಹಾಕಿಸಿದ, ಮೊಸರು ಈಗಲೇ ಬೇಕು ಅಂದ. ಮದುವೆಯಾದ, ಮಾರನೇ ದಿನವೇ ಮೊಮ್ಮಕ್ಕಳಿಗೆ ಏನು ಹೆಸರಿಡೋಣ ಅಂತ ರಾಣಿಯನ್ನ ಕೇಳಿದ! ಜನ ಅವನ ಬೆನ್ನ ಹಿಂದೆ ಅವನನ್ನ ಈಗಲೇರಾಯ ಅಂತಿದ್ದರು.

ಈ ಈಗಲೇರಾಯನಿಗೆ ಚದುರಂಗದ ಹುಚ್ಚು ಹತ್ತಿತು. ಸೇನಾಪತಿ ಜೊತೆ ಆಡಿದ, ಸೋತ. ರಾಣಿ ಪುಟ್ಟಾಜಿ ಜೊತೆ ಆಡಿದ, ಸೋತ. ಅಡುಗೆ ಭಟ್ಟರ ಜೊತೆ ಆಡಿದ. ಭಟ್ಟರು ಒಂದು ಕೈಯಲ್ಲಿ ಪಾಯಸ ತಿರುಗಿಸ್ತಾ ಇನ್ನೊಂದು ಕೈಯಲ್ಲಿ ಅವನನ್ನ ಸೋಲಿಸಿದರು. ಪಾಯಸ ತಳ ಕೂಡ ಹಿಡೀಲಿಲ್ಲ.

ರಾಜನಿಗೆ ಉರಿದುಹೋಯಿತು. "ಬರೋ ಹುಣ್ಣಿಮೆಯೊಳಗೆ ಈ ಭೂಮಿ ಮೇಲೆ ನನ್ನನ್ನ ಸೋಲಿಸೋರು ಒಬ್ಬರೂ ಇರಬಾರದು! ಕಲಿಸೋರು ಯಾರಿದ್ದೀರಿ?" ಅಂತ ಡಂಗುರ ಹೊಡೆಸಿದ.

ಬೆಲ್ಲ ಇದ್ದಲ್ಲಿ ಇರುವೆ ಬರದೆ ಇರುತ್ತಾ? ಬಂದ ಒಬ್ಬ. ಹೆಸರು ದಿಗ್ಗಜ ಪಂಡಿತ. ಹೆಗಲ ಮೇಲೆ ಜರಿ ಶಾಲು, ತಲೆಯ ಮೇಲೆ ಎಣ್ಣೆ ಹಚ್ಚಿ ಮಿರಮಿರ ಮಿಂಚೋ ಜುಟ್ಟು. ಆಟ ಬಲ್ಲವನೇ, ಸುಳ್ಳು ಹೇಳಬಾರದು. ಆದರೆ ಮನಸ್ಸು ಮಾತ್ರ ಕೊಳಕು.

"ಹುಣ್ಣಿಮೆ ಯಾಕೆ ಪ್ರಭು, ಅದಕ್ಕೂ ಮುಂಚೆಯೇ ಆಗುತ್ತೆ!" ಅಂದ ಪಂಡಿತ. "ನನಗೆ ದಕ್ಷಿಣೆ ಏನೂ ಬೇಡ. ಹುಣ್ಣಿಮೆ ದಿನ ನನ್ನ ಜೊತೆ ಒಂದು ಆಟ ಆಡಿ. ನೀವು ಗೆದ್ದರೆ ನಾನು ನಿಮ್ಮ ಗುಲಾಮ. ನಾನು ಗೆದ್ದರೆ ನಿಮ್ಮ ಆನೆ ಬೆಲ್ಲಿ ನನ್ನದು."

ಬೆಲ್ಲಿ ಅಂದರೆ ಯಾರು ಗೊತ್ತೇನು? ರಾಜ ಕೂಸಾಗಿದ್ದಾಗ ಅವನ ತೊಟ್ಟಿಲನ್ನ ಸೊಂಡಿಲಿಂದ ತೂಗಿದವಳು. ರಾಜ ದಿನಾ ಬೆಳಿಗ್ಗೆ ತನ್ನ ಕೈಯಾರೆ ಅವಳಿಗೆ ಬೆಲ್ಲ ತಿನ್ನಿಸದೆ ತಾನು ಬಾಯಿಗೆ ನೀರು ಹಾಕ್ತಿರಲಿಲ್ಲ. ಅಂಥವಳನ್ನ ಪಣಕ್ಕೆ ಇಡ್ತಾರಾ? ಇಟ್ಟ ಕಣ್ರೋ! "ಈಗಲೇ ಮಾತು ಕೊಟ್ಟೆ!" ಅಂದೇಬಿಟ್ಟ. ರಾಜ ಕೊಟ್ಟ ಮಾತು, ಆಡಿದ ಮೇಲೆ ಮುಗೀತು. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಹಿರಿಯರು ಸುಮ್ಮನೆ ಹೇಳಿದ್ದಾ?

ಪಂಡಿತನ ಪಾಠ ಶುರುವಾಯಿತು. ಮೊದಲ ಪಾಠ, ಮಂತ್ರಿಸಿದ ತುಪ್ಪದಲ್ಲಿ ಅದ್ದಿದ ಹೋಳಿಗೆ ತಿನ್ನೋದು. ಎರಡನೇ ಪಾಠ, ಚದುರಂಗದ ಹಲಗೆಯನ್ನೇ ತಲೆದಿಂಬು ಮಾಡಿಕೊಂಡು ಮಲಗೋದು. ಮೂರನೇ ಪಾಠ, ಸೊಂಟಕ್ಕೊಂದು ತಾಯಿತ. ಕಾಯಿ ನಡೆಸೋದು ಮಾತ್ರ ಯಾವ ಪಾಠದಲ್ಲೂ ಇಲ್ಲ! ಆದರೆ ಪಂಡಿತ ಗುಟ್ಟಾಗಿ ಅರಮನೆಯವರಿಗೆಲ್ಲ ಒಂದು ಮಾತು ಊದಿದ್ದ: "ರಾಜರನ್ನ ಸೋಲಿಸಿದವರ ತಲೆ ಹಾರುತ್ತೆ, ಅಪ್ಪಣೆಯಾಗಿದೆ."

ಆಮೇಲೆ ಕೇಳಬೇಕಾ? ರಾಜ ಸೇನಾಪತಿ ಜೊತೆ ಆಡಿದ, ಗೆದ್ದ. ರಾಣಿ ಗಂಡನ ಮುಖ ನೋಡಿ, ತಲೆ ಹಾರಿಸದಿದ್ದರೂ ಊಟ ಬಿಟ್ಟಾನು ಅಂತ ಅವಳೂ ಸೋತಳು. ಅಡುಗೆ ಭಟ್ಟರಂತೂ ಹೆದರಿ ಹೆದರಿ ತಮ್ಮ ರಾಜನನ್ನ ತಾವೇ ಎತ್ತಿ ಅರಸನ ಕೈಗೆ ಕೊಟ್ಟರು, ಪಾಯಸದ ಜೊತೆ!

ರಾಜ ಕುಣಿದ. ವಿಜಯೋತ್ಸವಕ್ಕೆ ಊರ ಬಾಗಿಲಿಗೆ ತೋರಣ ಕಟ್ಟಿಸಿದ. ಆನೆ ಮೇಲೆ ಮೆರವಣಿಗೆ ಹೋಗೋಕೆ ಹೊಸ ಪೇಟ ಮಾಡಿಸಿದ. ಕೂಸು ಹುಟ್ಟೋಕೆ ಮುಂಚೆ ಕುಲಾವಿ!

ಆಗ ಬಂದರು ನೋಡಿ ಅತ್ತೆ ಗೌರಾಜಮ್ಮ. ರಾಣಿಯ ತಾಯಿ, ಬೆಲ್ಲಿಗೆ ಅಂತ ಒಂದು ಗಾಡಿ ಕಬ್ಬು ತಂದಿದ್ದರು. ಆಗಿನ ಕಾಲದಲ್ಲಿ ಅತ್ತೆಯಾದವಳು ಅಳಿಯನ ಎದುರು ಕೂರುವ ಹಾಗಿರಲಿಲ್ಲ. ಅದಕ್ಕೆ ಗೌರಾಜಮ್ಮ ಬಾಗಿಲ ಮರೆಯಲ್ಲಿ ನಿಂತೇ ಮಾತಾಡ್ತಿದ್ದರು.

"ಅಳಿಯಂದಿರು ಲೋಕವನ್ನೇ ಗೆದ್ದಿದ್ದಾರಂತೆ? ನನ್ನ ಜೊತೆಯೂ ಒಂದು ಆಟ ಆಗಲಿ" ಅಂದರು.

"ಹಲಗೆ ಕಾಣೋದಿಲ್ಲವಲ್ಲ ಅತ್ತೆಯವರೇ?"

"ಬಾಯಲ್ಲಿ ಹೇಳ್ತೀನಿ. ಮಗಳು ಕಾಯಿ ನಡೆಸ್ತಾಳೆ."

ಬಾಗಿಲ ಹಿಂದಿಂದ ಧ್ವನಿ ಬಂತು. ಕುದುರೆ ಹಾರಿತು. ಒಂಟೆ ಓಡಿತು. ರಾಜ ಸೋತ. ಇನ್ನೊಂದು ಆಟ ಅಂದ, ಸೋತ. ಮತ್ತೊಂದು ಆಟ ಅಂದ. ಅತ್ತೆ ಬಳೆ ಒರೆಸಿಕೊಳ್ತಾ ಆಡಿದರು, ಅದನ್ನೂ ಸೋತ.

"ಇದು ಹೇಗೆ? ನಿನ್ನೆ ಸೇನಾಪತೀನ ಸೋಲಿಸಿದ್ದೆನಲ್ಲ!" ಅಂತ ರಾಜ ಕೂಗಿದ.

"ಸೇನಾಪತಿ ಯಾರ ಮನೆ ಅನ್ನ ತಿಂತಾನೆ ಅಳಿಯಂದಿರೇ?"

ರಾಜ ರಾಣಿಯ ಕಡೆ ನೋಡಿದ. ರಾಣಿ ಸೀರೆ ಅಂಚು ನೋಡಿದಳು. ಪಂಡಿತ ಊದಿದ ಮಾತು ಆಗ ಹೊರಗೆ ಬಿತ್ತು. "ಅಯ್ಯೋ, ನನ್ನ ಬೆಲ್ಲಿ!" ಅಂತ ರಾಜ ಅಲ್ಲೇ ಕೂತು ಗೊಳೋ ಅಂತ ಅತ್ತ. ರಾಜರೂ ಅಳ್ತಾರೆ, ಏನು ನೋಡ್ತೀರಿ?

ಅಷ್ಟು ಹೊತ್ತಿಗೆ ಪಂಡಿತ ಬೀಗುತ್ತಾ ಬಂದ. ಅತ್ತೆ ಬಾಗಿಲ ಮರೆಯಿಂದಲೇ ಕೇಳಿದರು:

"ಪಂಡಿತರೇ, ಹುಣ್ಣಿಮೆ ದಿನ ನಿಮ್ಮ ಆಟ ಸಂಜೆ ದೀಪ ಹಚ್ಚೋದರೊಳಗೆ ಮುಗಿಯುತ್ತಾ?"

"ದೀಪ ಯಾಕೆ ತಾಯಿ? ಉಂಡ ಅನ್ನ ಅರಗೋದರೊಳಗೆ ಸೋಲಿಸ್ತೀನಿ!"

"ದೀಪ ಹಚ್ಚುವವರೆಗೂ ಸೋಲಿಸೋಕೆ ಆಗದಿದ್ದರೆ?"

"ಆನೆಯೂ ಬೇಡ, ನನ್ನ ಜುಟ್ಟನ್ನೇ ಕತ್ತರಿಸಿಕೊಳ್ಳಿ!" ಅಂತ ಪಂಡಿತ ಜುಟ್ಟು ಕೊಡವಿದ. ಎಲ್ಲರೂ ಕೇಳಿಸಿಕೊಂಡರು.

ಅವನು ಹೋದ ಮೇಲೆ ರಾಜ ಕಣ್ಣೊರೆಸಿಕೊಂಡ. "ಅತ್ತೆಯವರೇ, ಅವನನ್ನ ಗೆಲ್ಲೋದು ಕಲಿಸಿ. ಈಗಲೇ!"

"ಅವನನ್ನ ಗೆಲ್ಲೋಕೆ ನಿಮಗೆ ವರ್ಷಗಟ್ಟಲೆ ಬೇಕು. ಆಕಾಶಕ್ಕೆ ಏಣಿ ಹಾಕಬೇಡಿ. ಸಂಜೆವರೆಗೆ ಸೋಲದೆ ಇರೋದು ಕಲೀರಿ, ಸಾಕು. ಅದನ್ನೂ ಇವತ್ತೇ ಅಲ್ಲ. ಇವತ್ತು ನಿಮ್ಮ ಕುದುರೇನ ಪುಕ್ಕಟೆ ಕೊಡಬೇಡಿ. ಅಷ್ಟೇ ಇವತ್ತಿನ ಕೆಲಸ."

"ಅಷ್ಟೇನಾ?" ಅಂದ ರಾಜ, ಮುಖ ಸಿಂಡರಿಸಿ. ಆಡಿದ. ಸೋತ. ಆದರೆ ಹಲಗೆ ನೋಡಿದರೆ ಕುದುರೆ ಹಾಗೇ ನಿಂತಿದೆ! "ಸೋತೆ! ಕುದುರೆ ಇದೆ! ಸೋತೆ, ಕುದುರೆ ಇದೆ!" ಅಂತ ಅರಮನೆ ತುಂಬ ಓಡಾಡಿದ. ಕಾವಲುಗಾರರು ರಾಜರಿಗೆ ತಲೆ ಕೆಟ್ಟಿತು ಅಂದುಕೊಂಡರು.

ಅದು ಕೈಗೆ ಹತ್ತಿದ ಮೇಲೆ ಅತ್ತೆ ಎರಡನೇ ಕೆಲಸ ಕೊಟ್ಟರು. "ಬಾಯಿಗೆ ಎಲೆ ಅಡಿಕೆ ಹಾಕಿಕೊಳ್ಳಿ. ಅದು ನುಣ್ಣಗಾಗುವವರೆಗೆ ಕಾಯಿ ಮುಟ್ಟಬೇಡಿ." ರಾಜನ ಕೈ ತುರಿಸ್ತಿತ್ತು. ಕೈಯನ್ನ ತೊಡೆ ಕೆಳಗೆ ಇಟ್ಟುಕೊಂಡು ಕೂತ.

ಅದೂ ರೂಢಿಯಾಯಿತು. ಮೂರನೇ ಕೆಲಸ ಬಂತು. "ಎದುರಿನವನು ಕಾಯಿ ನಡೆಸಿದರೆ, ಇದು ಇಲ್ಲಿಗೆ ಯಾಕೆ ಬಂತು ಅಂತ ಬಾಯಿಬಿಟ್ಟು ಕೇಳಿಕೊಳ್ಳಿ." ರಾಜ ಕೇಳಿದ್ದೇ ಕೇಳಿದ್ದು. ಊಟಕ್ಕೆ ಕೂತರೆ "ಈ ಹಪ್ಪಳ ಇಲ್ಲಿಗೆ ಯಾಕೆ ಬಂತು?" ಅಂದ. ಭಟ್ಟರು ಬೆಚ್ಚಿಬಿದ್ದರು. ಅತ್ತೆಯ ಎದುರು ಮೊದಮೊದಲು ಮಜ್ಜಿಗೆ ಬರೋ ಹೊತ್ತಿಗೇ ಸೋಲ್ತಿದ್ದವನು, ಬರ್ತಾ ಬರ್ತಾ ಬಿಸಿಲು ಇಳಿಯೋವರೆಗೂ ನಿಲ್ಲೋದು ಕಲಿತ.

ಹುಣ್ಣಿಮೆ ಬಂತು. ಊರಿಗೆ ಊರೇ ಅರಮನೆ ಅಂಗಳದಲ್ಲಿ. ಮಧ್ಯದಲ್ಲಿ ಹಲಗೆ. ಪಕ್ಕದಲ್ಲಿ ಬೆಲ್ಲಿ, ಏನೂ ಗೊತ್ತಿಲ್ಲದೆ ಕಬ್ಬು ಮೆಲ್ಲುತ್ತಾ.

ಪಂಡಿತ ಸರಸರ ನಡೆಸಿದ. ರಾಜ ಎಲೆ ಅಡಿಕೆ ಬಾಯಿಗೆ ಹಾಕಿ ಅಗಿದ. ಅಗಿದ. ಇನ್ನೂ ಅಗಿದ.

"ನಡೆಸಿ ಪ್ರಭು!"

"ಈ ಒಂಟೆ ಇಲ್ಲಿಗೆ ಯಾಕೆ ಬಂತು?" ಅಂತ ರಾಜ ಗಟ್ಟಿಯಾಗಿ ಕೇಳಿಕೊಂಡ. ಓಹೋ, ಕುದುರೆಗೆ ಬಲೆ! ಕುದುರೆಯನ್ನ ಸರಿಸಿದ. ಜನ ಹೋ ಅಂದರು.

ಮಧ್ಯಾಹ್ನವಾಯಿತು. ರಾಜನ ಪದಾತಿಗಳು ಒಂದೊಂದೇ ಹೋದವು. ಒಂಟೆ ಹೋಯಿತು. ಆದರೂ ರಾಜ ಸಿಗಲೊಲ್ಲ. ಪಂಡಿತ ಬೆವರಿದ. ಶಾಲು ತೆಗೆದ. ಬಿಸಿಲು ಇಳಿಯಿತು, ಪಂಡಿತನ ಕಣ್ಣು ಹಲಗೆಗಿಂತ ಹೆಚ್ಚಾಗಿ ಆಕಾಶದ ಮೇಲೇ ಇತ್ತು. "ಬೇಗ, ಬೇಗ!" ಅಂತ ಚಡಪಡಿಸಿ ತನ್ನ ಮಂತ್ರಿಯನ್ನ ಹಲಗೆ ಮೇಲಿನ ರಾಜನ ಮಗ್ಗುಲಿಗೇ ತಂದು ಕುಕ್ಕಿದ.

ಚೆಲುವರಸನಿಗೆ ತನ್ನ ಕಾಯಿಯನ್ನ ತಕ್ಷಣ ಓಡಿಸಬೇಕು ಅನ್ನಿಸಿತು. ಓಡಿಸಲಿಲ್ಲ. ಅಗಿದ. "ಈ ಮಂತ್ರಿ ಇಲ್ಲಿಗೆ ಯಾಕೆ ಬಂತು?" ಸುತ್ತ ನೋಡಿದ. ಮಂತ್ರಿಗೆ ಆನೆ ಕಾವಲಿಲ್ಲ, ಕುದುರೆ ಕಾವಲಿಲ್ಲ, ಪದಾತಿ ಕಾವಲೂ ಇಲ್ಲ. "ಯಾಕೂ ಬಂದಿಲ್ಲ! ಸುಮ್ಮನೆ ಬಂದಿದೆ!" ಅಂತ ಮಂತ್ರಿಯನ್ನ ಹೊಡೆದೇಬಿಟ್ಟ.

ಇನ್ನೆರಡು ನಡೆ ಆಗೋದರೊಳಗೆ ರಾಣಿ ದೀಪ ಹಚ್ಚಿದಳು. ಆಟ ಮುಗಿದಿರಲಿಲ್ಲ. ರಾಜ ಗೆದ್ದಿರಲಿಲ್ಲ. ಸೋತೂ ಇರಲಿಲ್ಲ!

ರಾಜ ಹಲಗೆ ದಾಟಿ ಓಡಿಹೋಗಿ ಬೆಲ್ಲಿಯ ಸೊಂಡಿಲು ತಬ್ಬಿಕೊಂಡ. ಜನ ಪೇಟ ಎಸೆದು ಕುಣಿದರು. ಅತ್ತ ಕಡೆ ಕತ್ತರಿ ಕಚಕ್ ಅಂತು, ಪಂಡಿತನ ತಲೆ ಜುಟ್ಟು ಕಿತ್ತ ತೆಂಗಿನಕಾಯಿ ಹಾಗೆ ಬೋಳಾಯಿತು.

"ಈ ತಲೆ ಹೊತ್ತು ನನ್ನೂರಿಗೆ ಹೇಗೆ ಹೋಗಲಿ? ಇಲ್ಲೇ ಒಂದು ಮನೆ ಕೊಡಿಸಿ ತಾಯಿ" ಅಂತ ಗೋಗರೆದ.

"ಧಾರಾಳವಾಗಿ" ಅಂದರು ಗೌರಾಜಮ್ಮ, ಬಾಗಿಲ ಮರೆಯಿಂದ. "ಹಲಗೆಯ ಮೂಲೆ ಮನೆ ಖಾಲಿ ಇದೆ. ಆನೆ ನಿಲ್ಲೋ ಮನೆ. ಬೇಕಾದರೆ ಅದರೊಳಗೆ ಸಂಸಾರ ಹೂಡಿ!"

ಊರೆಲ್ಲ ಬಿದ್ದು ಬಿದ್ದು ನಕ್ಕಿತು. ಪಂಡಿತ ಶಾಲನ್ನ ತಲೆಗೆ ಸುತ್ತಿಕೊಂಡು ಓಡಿದವನು ಆ ಕಡೆ ಮತ್ತೆ ತಲೆ ಹಾಕಲಿಲ್ಲ.

ಕೇಳಿದಿರಾ ಮಕ್ಕಳಾ? ಗುರಿ ಬೇಕು, ಬೇಡ ಅಂದವರು ಯಾರು? ಆದರೆ ಇವತ್ತಿನ ಗುರಿ ಇವತ್ತಿನ ಕೈಗೆ ಎಟುಕುವಷ್ಟಿರಬೇಕು. ಲೋಕ ಗೆಲ್ತೀನಿ ಅಂತ ಹೊರಟವನು ಮನೆ ಆನೆ ಕಳಕೊಳ್ತಿದ್ದ. ಒಂದು ಕುದುರೆ ಉಳಿಸಿಕೊಳ್ತೀನಿ ಅಂತ ಕೂತ ಮೇಲೆ ಆನೆ ಉಳಿಸಿಕೊಂಡ. ಹಾಸಿಗೆ ಇದ್ದಷ್ಟು ಕಾಲು ಚಾಚಿ, ಆಮೇಲೆ ಹಾಸಿಗೆಯನ್ನ ದಿನಕ್ಕೊಂದು ಗೇಣು ಉದ್ದ ಮಾಡಿಕೊಳ್ಳಿ. ಈಗಲೇ ಎಲ್ಲ ಕಲಿಸಿಬಿಡ್ತೀನಿ ಅಂತ ಯಾರಾದರೂ ಬಂದರೆ, ಅವನ ಕಣ್ಣು ನಿಮ್ಮ ಯಾವ ಆನೆ ಮೇಲಿದೆ ಅಂತ ಮೊದಲು ನೋಡಿಕೊಳ್ಳಿ.