ಸಂಕವ್ವ ಕೇಳಿದ ಬಣ್ಣ

"ಮಾಸ್ತರೇ, ಹುಡುಕುವುದನ್ನು ಯಾವಾಗ ನಿಲ್ಲಿಸಬೇಕು?" ಎಂದು ಕಸ್ತೂರಿ ಕೇಳಿದಳು.

ಹಂಪಣ್ಣ ಮಾಸ್ತರು ಸೀರೆಗಳಿಗೆ ನಕ್ಷೆ ಬರೆಯುವುದನ್ನು ಕಲಿಸುತ್ತಿದ್ದವರು. ಕಸ್ತೂರಿ ಅವರ ಶಿಷ್ಯೆ. ನೇಕಾರರೊಬ್ಬರು ನೇಯಲಿದ್ದ ಒಂದು ಹೊಸ ಸೀರೆಯನ್ನು ರೂಪಿಸುವ ಕೆಲಸವನ್ನು ಅವಳು ಒಪ್ಪಿಕೊಂಡು ಎರಡು ವರ್ಷವಾಗಿತ್ತು. ಊರೂರು ತಿರುಗಿ ಹಳೆಯ ಸೀರೆಗಳನ್ನು ನೋಡಿ ಬಂದಿದ್ದಳು, ಪುಸ್ತಕಗಟ್ಟಲೆ ಬರೆದುಕೊಂಡಿದ್ದಳು. ನಕ್ಷೆ ಮಾತ್ರ ಇನ್ನೂ ಆಗಿರಲಿಲ್ಲ.

ಮಾಸ್ತರು ಉತ್ತರವಾಗಿ ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ನಕ್ಷೆಗಾರನಿದ್ದ. ಕಷ್ಟಪಟ್ಟು ಕೆಲಸ ಮಾಡುವವನು, ಕಣ್ಣು ಬಹಳ ಸೂಕ್ಷ್ಮ. ಅದೇ ಊರಿನಲ್ಲಿ ಸಂಕವ್ವ ಎಂಬ ನೇಕಾರಳಿದ್ದಳು. ಸೀರೆಯ ಮೈಯನ್ನೂ ಸೆರಗನ್ನೂ ಎಳೆಗೆ ಎಳೆ ಕೂಡಿಸುವ ಕೆಲಸದಲ್ಲಿ ಅವಳನ್ನು ಮೀರಿಸುವವರು ಇರಲಿಲ್ಲ. ಕೂಡಿಸಿದ ಜಾಗ ಎಲ್ಲಿದೆ ಎಂದು ಹುಡುಕಿದರೂ ಸಿಗುತ್ತಿರಲಿಲ್ಲ.

ಒಬ್ಬ ವ್ಯಾಪಾರಿ ಇಬ್ಬರನ್ನೂ ಕರೆಸಿ, "ಈ ಊರಿನದೇ ಎಂದು ಯಾರು ನೋಡಿದರೂ ಹೇಳಬೇಕು, ಅಂಥ ಒಂದು ಸೀರೆ ಮಾಡಿಕೊಡಿ" ಎಂದ. ನಕ್ಷೆ ಇವನದು, ನೇಯ್ಗೆ ಅವಳದು.

ಹೊರಟು ನಿಂತ ನಕ್ಷೆಗಾರನಿಗೆ ಸಂಕವ್ವ ಹೇಳಿದಳು: "ತಮ್ಮಾ, ನಕ್ಷೆ ಪೂರ್ತಿ ಆಗಲಿ ಅಂತ ಕಾಯಬೇಡ. ಅರ್ಧ ಆದಾಗಲೇ ತಂದು ತೋರಿಸು. ಗೇಣುದ್ದ ನೇಯ್ದು ನೋಡೋಣ. ಚೆನ್ನಾಗಿಲ್ಲದಿದ್ದರೆ ಬಿಚ್ಚೋಣ, ಬಿಚ್ಚಲಿಕ್ಕೆ ಎಷ್ಟು ಹೊತ್ತು?"

"ಆಗಲಿ ಅಕ್ಕಾ" ಎಂದು ಅವನು ಹೊರಟ.

ಮೊದಲ ವರ್ಷ ಸುತ್ತಲಿನ ಊರುಗಳಲ್ಲಿ ತಿರುಗಿದ. ಮುದುಕಿಯರು ಪೆಟ್ಟಿಗೆಯಿಂದ ತೆಗೆದು ತೋರಿಸಿದ ಸೀರೆಗಳ ಅಂಚನ್ನು ಬರೆದುಕೊಂಡ. ಗುಡಿಯ ಕಂಬಗಳ ಮೇಲಿನ ಬಳ್ಳಿಗಳನ್ನು ಬರೆದುಕೊಂಡ. ಬಣ್ಣ ಹಾಕುವವರ ಮನೆಗಳಿಗೆ ಹೋಗಿ ನೂಲೆಳೆಯ ಚೂರುಗಳನ್ನು ಕೇಳಿ ತಂದ. ಕೆಂಪು ಬಣ್ಣ ಒಂದರಲ್ಲೇ ನಲವತ್ತು ಬಗೆ ಕೂಡಿಬಂದವು. ಒಂದೊಂದಕ್ಕೂ ಅವರು ಹೇಳಿದ ಹೆಸರನ್ನು ಕೆಳಗೆ ಬರೆದು, ಎಲ್ಲವನ್ನೂ ಒಂದು ಹಲಗೆಗೆ ಅಂಟಿಸಿ ಗೋಡೆಗೆ ಒರಗಿಸಿದ. ಆ ಹಲಗೆಯನ್ನು ನೋಡಲೆಂದೇ ಜನ ಬರುತ್ತಿದ್ದರು.

ವರ್ಷದ ಕೊನೆಗೆ ಮೂರು ನಕ್ಷೆಗಳು ಆಗಿದ್ದವು. ಸಂಕವ್ವ ತಾನಾಗಿ ಅವನ ಮನೆಗೆ ಬಂದಳು. ಮೂರನ್ನೂ ಬಹಳ ಹೊತ್ತು ನೋಡಿ, ಒಂದರ ಮೇಲೆ ಬೆರಳಿಟ್ಟು, "ಇದನ್ನು ಕೊಡು. ನಾಳೆಯೇ ಮಗ್ಗಕ್ಕೆ ಹಾಸು ಹೂಡುತ್ತೇನೆ" ಎಂದಳು.

ಅವನಿಗೂ ಒಳಗೊಳಗೆ ಅದೇ ಹಿಡಿಸಿತ್ತು. ಆದರೂ, "ಇನ್ನೂ ಆಗಿಲ್ಲ ಅಕ್ಕಾ. ಸೆರಗಿನ ಹೂವು ಸರಿ ಬಂದಿಲ್ಲ. ನದಿಯಾಚೆಯ ಊರುಗಳನ್ನು ನೋಡುವುದು ಉಳಿದಿದೆ" ಎಂದ.

ಎರಡನೆಯ ವರ್ಷ ನದಿಯಾಚೆ ಹೋದ. ಅಲ್ಲಿ ಕಂಡದ್ದರಿಂದ ಮೂರು ನಕ್ಷೆ ಹನ್ನೊಂದಾದವು. ಮೂರನೆಯ ವರ್ಷ ಸೆರಗಿನ ಹೂವೊಂದನ್ನು ಉಳಿಸಿಕೊಂಡು, ಹನ್ನೊಂದನ್ನೂ ಬದಿಗಿಟ್ಟು ಮೊದಲಿನಿಂದ ಶುರುಮಾಡಿದ. ವ್ಯಾಪಾರಿ ಬೇರೆ ಸೀರೆಗಳತ್ತ ಗಮನ ಕೊಟ್ಟ. ಸಂಕವ್ವ ಮಾತ್ರ ಅವನಿಗೆಂದು ಒಂದು ಮಗ್ಗವನ್ನು ಖಾಲಿ ಇಟ್ಟಿದ್ದಳು. ದಾರಿಯಲ್ಲಿ ಸಿಕ್ಕಾಗಲೆಲ್ಲ, "ಬೇಗ ತಾರಪ್ಪ" ಎನ್ನುತ್ತಿದ್ದಳು. ಏಕೆ ಬೇಗ ಎಂದು ಅವನು ಕೇಳಲಿಲ್ಲ. ಒಮ್ಮೆ ಅವಳ ಮನೆಗೆ ಹೋದಾಗ, ನಡುಮಧ್ಯಾಹ್ನದ ಬೆಳಕಿನಲ್ಲಿ ಅವಳು ಎಳೆಯನ್ನು ಮೂಗಿನ ಹತ್ತಿರ ಹಿಡಿದು ನೋಡುತ್ತಿದ್ದುದನ್ನು ಕಂಡಿದ್ದ. ಕಂಡೂ ತನ್ನ ಹೂವಿನ ಮಾತನ್ನೇ ಆಡಿ ಎದ್ದು ಬಂದಿದ್ದ.

ಐದನೆಯ ವರ್ಷ ನಕ್ಷೆ ಮುಗಿಯಿತು. ಅವನಿಗೇ ಅದರಲ್ಲಿ ತಪ್ಪು ಕಾಣಲಿಲ್ಲ. ಹಾಳೆಯನ್ನು ಸುತ್ತಿಕೊಂಡು ಸಂಕವ್ವನ ಮನೆಗೆ ಹೋದ.

ಅವಳು ಬಾಗಿಲಲ್ಲೇ ಕೂತಿದ್ದಳು. ಅವನು ಎದುರಿಗೆ ನಿಂತರೂ "ಯಾರು?" ಎಂದಳು. ಎರಡು ಕಣ್ಣೂ ಹೋಗಿದ್ದವು. ತಡವಾಗಿ ಬಂದಿರಿ, ಇನ್ನು ದೃಷ್ಟಿ ಬರುವುದಿಲ್ಲ ಎಂದು ಡಾಕ್ಟರು ಹೇಳಿ ಕಳಿಸಿದ್ದರಂತೆ.

ನಕ್ಷೆಗಾರ ಹಾಳೆಯನ್ನು ಬಿಚ್ಚಲಿಲ್ಲ. ಬೇರೊಬ್ಬ ನೇಕಾರನಿಗೆ ಕೊಟ್ಟ. ಅವನು ಒಳ್ಳೆಯ ಕೆಲಸಗಾರ. ಹಾಳೆಯಲ್ಲಿದ್ದಂತೆಯೇ ನೇಯ್ದುಕೊಟ್ಟ. ನೋಡಿದವರೆಲ್ಲ ಹೊಗಳಿದರು. ವ್ಯಾಪಾರಿ ಕೂಡ ಎರಡು ಕೈಯಲ್ಲಿ ಹಿಡಿದು ನೋಡಿ ಇಂಥದ್ದನ್ನು ಕಂಡಿರಲಿಲ್ಲ ಎಂದ. ನಕ್ಷೆಗಾರ ಆ ಸೀರೆಯನ್ನು ಎತ್ತಿಕೊಂಡು ಸಂಕವ್ವನ ಬಳಿಗೆ ಹೋಗಿ ಅವಳ ಮಡಿಲಲ್ಲಿಟ್ಟ.

ಅವಳು ಮುಖವನ್ನು ಬೇರೆ ಕಡೆ ತಿರುಗಿಸಿಕೊಂಡು ಬೆರಳುಗಳಿಂದಲೇ ಅಂಚನ್ನು ನೋಡಿದಳು. ಮೈಯನ್ನು ನೋಡಿದಳು. ಸೆರಗು ಕೂಡುವಲ್ಲಿಗೆ ಬಂದಾಗ ಬೆರಳು ನಿಂತಿತು.

"ಇಲ್ಲಿ ಎಳೆ ಬಿಗಿದಿದೆ ತಮ್ಮಾ. ಹೂವನ್ನು ನಾಲ್ಕೆಳೆ ಆಚೆಗೆ ಸರಿಸಿದ್ದರೆ ಬಿಗಿಯುತ್ತಿರಲಿಲ್ಲ. ಇದು ಹಾಳೆಯ ಮೇಲೆ ಗೊತ್ತಾಗುವುದಿಲ್ಲ. ಒಂದು ಗೇಣು ನೇಯ್ದಿದ್ದರೆ ಮಗ್ಗದ ಮೇಲೆ ಗೊತ್ತಾಗುತ್ತಿತ್ತು."

ಅವನು ಐದು ವರ್ಷ ತಿದ್ದಿದ ಹೂವು ಅದೇ.

ಅವಳು ಅವನನ್ನು ಬೈಯಲಿಲ್ಲ. ಸೀರೆಯನ್ನು ಮೆಲ್ಲಗೆ ಸವರುತ್ತಾ ಕೇಳಿದಳು: "ಇರಲಿ. ಚೆಂದ ಆಗಿದೆ. ಮೈ ಯಾವ ಬಣ್ಣ?"

"ಕೆಂಪು, ಅಕ್ಕಾ."

"ಯಾವ ಕೆಂಪು?"

ನಲವತ್ತು ಕೆಂಪುಗಳ ಹೆಸರು ಅವನಿಗೆ ಗೊತ್ತಿತ್ತು. ಒಂದೂ ಬಾಯಿಗೆ ಬರಲಿಲ್ಲ. ಅವಳು ಅವನ ಕಡೆಗೆ ಮುಖ ಮಾಡಿ ಕಾಯುತ್ತಾ ಕೂತಳು. ಅವನು ಅವಳ ಕೈ ಹಿಡಿದುಕೊಂಡು ಅತ್ತ.

ಆ ಸೀರೆಯನ್ನು ಅವನು ಮಾರಲು ಕೊಡಲಿಲ್ಲ. ಆಮೇಲೆಯೂ ನಕ್ಷೆ ಬರೆದ, ಒಳ್ಳೆಯ ಹೆಸರನ್ನೂ ಪಡೆದ. ಆದರೆ ಸಂಕವ್ವನ ಕೈಯಿಂದ ನೇಯಿಸಿದ ಅವನ ಸೀರೆ ಒಂದೂ ಇಲ್ಲ.

ಮಾಸ್ತರು ಅಲ್ಲಿಗೆ ನಿಲ್ಲಿಸಿದರು.

ಕಸ್ತೂರಿ ಕೇಳಿದಳು: "ಹಾಗಾದರೆ ಅವನು ಅಷ್ಟು ಹುಡುಕಿದ್ದೇ ತಪ್ಪೇ, ಮಾಸ್ತರೇ? ಹುಡುಕದೆ ಬರೆದಿದ್ದರೆ ಮೊದಲ ವರ್ಷದ ಆ ಮೂರು ನಕ್ಷೆಗಳೂ ಆಗುತ್ತಿರಲಿಲ್ಲವಲ್ಲ?"

"ನೀನು ಬರೆಯುತ್ತಿರುವ ಸೀರೆಯನ್ನು ನೇಯಬೇಕಾದವರಿಗೆ ಈಗ ವಯಸ್ಸೆಷ್ಟು, ಕಸ್ತೂರಿ?" ಎಂದರು ಮಾಸ್ತರು.

"ಎಪ್ಪತ್ತು ದಾಟಿದೆ" ಎಂದು ಕಸ್ತೂರಿ ಅರ್ಧ ಆಗಿದ್ದ ನಕ್ಷೆಯನ್ನು ಎತ್ತಿಕೊಂಡು ಅವರ ಮನೆಯ ಕಡೆಗೆ ಹೊರಟಳು.