ನ ಮಮ

“ಗುರುಗಳೇ, ಮಗಳಿಗೆ ಮೊದಲ ಲ್ಯಾಪ್‌ಟಾಪ್ ತಂದಿದ್ದೇನೆ. ನಾಳೆ ಅವಳ ಹುಟ್ಟುಹಬ್ಬ. ಕೊಟ್ಟ ಮೇಲೆ ಅದರೊಳಗೆ ಇಣುಕಿ ನೋಡುವ ಅಧಿಕಾರ ನನಗೆ ಉಂಟೋ ಇಲ್ಲವೋ?” ಎಂದು ಶಿಷ್ಯ ಕೇಳಿದ.

ಗುರುಗಳು “ಅಧಿಕಾರ” ಎಂಬ ಮಾತನ್ನು ಒಮ್ಮೆ ತಾವೂ ಹೇಳಿ ನೋಡಿದರು. ಅದು ಅವರಿಗೆ ರುಚಿಸಲಿಲ್ಲ.

“ಮಗಳಿಗೆ ಎಷ್ಟು ವರ್ಷ?”

“ನಾಳೆಗೆ ಹನ್ನೆರಡು ತುಂಬುತ್ತದೆ.”

“ಹಾಗಾದರೆ ಕೂತುಕೋ. ಇದು ಸಂತೋಷದ ಕತೆಯಲ್ಲ. ಹುಟ್ಟುಹಬ್ಬದ ಮುನ್ನಾದಿನ ಹೇಳುವಂಥದ್ದೂ ಅಲ್ಲ. ಆದರೆ ನೀನು ಕೇಳಿದ್ದಕ್ಕೆ ನನ್ನ ಹತ್ತಿರ ಇರುವುದು ಇದೊಂದೇ,” ಎಂದು ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಪುರೋಹಿತನಿದ್ದ. ಅವನಿಗೆ ಒಬ್ಬಳೇ ಮಗಳು. ತಾಯಿ ಹೆತ್ತ ಹತ್ತೇ ದಿನಕ್ಕೆ ತೀರಿಕೊಂಡಿದ್ದಳು. ಮಗುವನ್ನು ಯಾರ ಮನೆಯಲ್ಲೂ ಬಿಡದೆ ಪುರೋಹಿತ ತಾನೇ ಸಾಕಿದ. ಶ್ರಾದ್ಧದ ಮನೆಗೂ ಗೃಹಪ್ರವೇಶದ ಮನೆಗೂ ಜೊತೆಯಲ್ಲೇ ಕರೆದುಕೊಂಡು ಹೋಗುತ್ತಿದ್ದ. ಅವನು ಮಂತ್ರ ಹೇಳುವಾಗ ಅವಳು ಪಕ್ಕದಲ್ಲಿ ಕೂತು ಅಕ್ಷತೆಯ ಕಾಳು ಎಣಿಸುತ್ತಿದ್ದಳು. ಅವನು ಒಳ್ಳೆಯ ತಂದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಕತೆ ಮುಗಿಯುವ ಹೊತ್ತಿಗೆ ನೀನು ಅವನನ್ನು ಬೈಯಲು ನೋಡುತ್ತೀಯ.

ದಾನ ಕೊಡಿಸುವುದರಲ್ಲಿ ಅವನು ಬಹಳ ಕಟ್ಟುನಿಟ್ಟು. ನಿನಗೆ ಗೊತ್ತಿರಬಹುದು, ದಾನ ಕೊಡುವಾಗ ನೀರು ಬಿಟ್ಟು ‘ನ ಮಮ’ ಎನ್ನುತ್ತಾರೆ. ಇದು ನನ್ನದಲ್ಲ ಎಂದು ಅದರ ಅರ್ಥ. ನಾವೆಲ್ಲ ಅದನ್ನು ಬಾಯಲ್ಲಿ ಹೇಳಿ ಕೈತೊಳೆದುಕೊಳ್ಳುತ್ತೇವೆ. ಅವನು ಹಾಗಲ್ಲ, ನಂಬುತ್ತಿದ್ದ. ಒಮ್ಮೆ ಒಬ್ಬ ವ್ಯಾಪಾರಿ ಇವನ ಪೌರೋಹಿತ್ಯದಲ್ಲಿ ಒಬ್ಬ ಬಡವನಿಗೆ ಹಸು ದಾನ ಕೊಟ್ಟ. ಮೂರು ತಿಂಗಳಾದ ಮೇಲೆ ದಾರಿಯಲ್ಲಿ ಸಿಕ್ಕಿ, ಹಸು ಹೇಗಿದೆ, ಹಾಲು ಎಷ್ಟು ಕೊಡುತ್ತದಂತೆ ಎಂದು ವಿಚಾರಿಸಿದ. ಪುರೋಹಿತ ನಡುಬೀದಿಯಲ್ಲೇ ರೇಗಿದ. “ಕೊಟ್ಟ ಮೇಲೆ ಕೇಳ್ತೀರಲ್ಲ, ಹಾಗಾದ್ರೆ ನೀವು ಕೊಟ್ಟೇ ಇಲ್ಲ. ಅದರ ಕಡೆ ತಿರುಗಿ ನೋಡಿದ್ರೂ ದಾನ ಕೆಟ್ಟ ಹಾಗೆ.” ವ್ಯಾಪಾರಿ ತಲೆ ತಗ್ಗಿಸಿಕೊಂಡು ಹೋದ. ಪಾಪ, ಅವನಿಗೆ ಹಸುವಿನ ಮೇಲೆ ಅಕ್ಕರೆಯಿತ್ತು, ಅಷ್ಟೇ.

ಮಗಳು ಆರನೆಯ ತರಗತಿಗೆ ಬಂದಳು. ಓದುವುದಕ್ಕೆ ಲ್ಯಾಪ್‌ಟಾಪ್ ಬೇಕಾಯಿತು. ವಿಜಯದಶಮಿಯ ದಿನ ಪುರೋಹಿತ ಅದನ್ನು ಮಣೆಯ ಮೇಲೆ ಇಟ್ಟು ಅರಿಶಿನ ಕುಂಕುಮ ಹಚ್ಚಿದ. ಮಗಳನ್ನು ಎದುರಿಗೆ ಕೂರಿಸಿದ. ತುಳಸಿಯ ದಳ ಹಿಡಿದು ಒಂದು ಉದ್ಧರಣೆ ನೀರು ಬಿಟ್ಟ. ಪುಣ್ಯಕ್ಕೆ ನೀರು ಹರಿವಾಣಕ್ಕೆ ಬಿತ್ತು, ಲ್ಯಾಪ್‌ಟಾಪಿನ ಮೇಲಲ್ಲ. ಆಮೇಲೆ ಎರಡು ಕೈಯಲ್ಲಿ ಎತ್ತಿ ಅವಳ ಮಡಿಲಿಗಿಟ್ಟು “ನ ಮಮ” ಎಂದ.

ಆ ಮಾತನ್ನು ಅವಳು ಸಾವಿರ ಸಲ ಕೇಳಿದ್ದಳು. ಬೇರೆಯವರ ಮನೆಯಲ್ಲಿ. ತನ್ನ ಮನೆಯಲ್ಲಿ ಕೇಳಿದ್ದು ಅದೇ ಮೊದಲು.

“ಹಾಗಾದ್ರೆ ನೀನು ಇದನ್ನ ಮುಟ್ಟೋದೇ ಇಲ್ವಾ, ಅಪ್ಪ?”

“ಮುಟ್ಟೋದೂ ಇಲ್ಲ, ನೋಡೋದೂ ಇಲ್ಲ. ಪೂರ್ತಿ ನಿಂದು.”

ಮಗಳು ನಕ್ಕಳು. ಅವನು ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡಿದ್ದಳು.

ಅವಳು ಜಾಣೆ. ಒಂದೇ ತಿಂಗಳಲ್ಲಿ ಕಲಿತಳು. ಊರಿನಲ್ಲಿ ಯಾರ ಮನೆಯ ಶ್ರಾದ್ಧ ಯಾವ ತಿಥಿ ಎಂದು ಪುರೋಹಿತ ಒಂದು ಹಳೆಯ ಪುಸ್ತಕದಲ್ಲಿ ಬರೆದಿಟ್ಟಿದ್ದ. ಅದರ ಹಾಳೆಗಳು ಬಿಡಿಬಿಡಿಯಾಗಿದ್ದವು. ದಿನಾ ಬೆಳಿಗ್ಗೆ ಅದನ್ನು ಹುಡುಕುವುದು, ಒಂದು ಹಾಳೆ ಸಿಕ್ಕರೆ ಇನ್ನೊಂದು ಸಿಗದೆ ಒದ್ದಾಡುವುದು. ಮಗಳು ಅವನಿಗೆ ಹೇಳದೆ ಅಷ್ಟನ್ನೂ ಲ್ಯಾಪ್‌ಟಾಪಿನಲ್ಲಿ ಬರೆದಳು. ಮನೆಯ ಹೆಸರು, ತಿಥಿ, ಮಾಸ, ಪಕ್ಷ. ಇಪ್ಪತ್ತು ದಿನ ಹಿಡಿಯಿತು. ಮುಗಿದ ದಿನ ಅಡುಗೆಮನೆಗೆ ಓಡಿಬಂದಳು.

“ಅಪ್ಪ, ಬಾ, ನೋಡು.”

“ಕೊಟ್ಟಿದ್ದನ್ನ ನೋಡಬಾರದು, ಮಗು. ನೀನೇ ನೋಡ್ಕೋ,” ಎಂದು ಪುರೋಹಿತ ಪ್ರೀತಿಯಿಂದಲೇ ಹೇಳಿದ.

“ಒಂದೇ ನಿಮಿಷ.”

“ಒಂದು ನಿಮಿಷ ನೋಡಿದ್ರೂ ನೋಡಿದ ಹಾಗೇ ಅಲ್ವಾ?”

ಮರುದಿನ ಬೆಳಿಗ್ಗೆ ಅವನು ಮತ್ತೆ ಹಾಳೆ ಹುಡುಕುತ್ತಿದ್ದ. ಅವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವನು ಈ ಸಂಗತಿಯನ್ನು ನಾಲ್ಕು ಮನೆಯಲ್ಲಿ ಹೇಳಿಕೊಂಡ. ಹೆತ್ತ ಮಗಳಿಗೆ ಕೊಟ್ಟದ್ದನ್ನೂ ನಾನು ತಿರುಗಿ ನೋಡುವುದಿಲ್ಲ ಎಂದ. ಜನ ತಲೆದೂಗಿದರು. ವೈರಾಗ್ಯವೆಂದರೆ ಇದಪ್ಪ ಎಂದರು. ಹೊಗಳಿಕೆ ಕಿವಿಗೆ ಬಿದ್ದ ಮೇಲೆ ವ್ರತ ಬಿಡುವುದು ಕಷ್ಟ. ನನಗೂ ಗೊತ್ತು, ನಿನಗೂ ಗೊತ್ತು.

ಅವಳ ತರಗತಿಯ ಮಕ್ಕಳು ಪಾಠದ ವಿಷಯ ಬರೆದುಕೊಳ್ಳಲು ಲ್ಯಾಪ್‌ಟಾಪಿನಲ್ಲಿ ಒಂದು ಗುಂಪು ಮಾಡಿಕೊಂಡಿದ್ದರು. ಒಬ್ಬರು ಬರೆದದ್ದು ಎಲ್ಲರಿಗೂ ಕಾಣುತ್ತಿತ್ತು. ಒಂದು ದಿನ ಅದರಲ್ಲಿ ಯಾರೋ ಒಂದು ಫೋಟೋ ಹಾಕಿದರು. ಪುರೋಹಿತ ಶ್ರಾದ್ಧದ ಮನೆಯಿಂದ ಬರುತ್ತಿರುವ ಫೋಟೋ. ಬರಿಮೈ, ಹೆಗಲ ಮೇಲೆ ದಾನದ ಪಂಚೆ, ಒಂದು ಕಂಕುಳಲ್ಲಿ ಛತ್ರಿ, ಇನ್ನೊಂದರಲ್ಲಿ ಕುಂಬಳಕಾಯಿ. ಕೆಳಗೆ ನಗು. ಹೊಟ್ಟೆ ಯಾವುದು, ಕುಂಬಳಕಾಯಿ ಯಾವುದು ಎಂದು ಒಬ್ಬರು ಕೇಳಿದ್ದರು. ಸತ್ತವರ ಪಾಲಿನದ್ದು ತಿಂದು ಬೆಳೆದ ಹೊಟ್ಟೆ ಎಂದು ಇನ್ನೊಬ್ಬರು ಬರೆದಿದ್ದರು. ಮರುದಿನ ಇನ್ನೊಂದು ಫೋಟೋ. ಅದರ ಮರುದಿನ ಮತ್ತೊಂದು. ಮಕ್ಕಳ ನಗುವಿಗೆ ಎಲ್ಲಿ ನಿಲ್ಲಬೇಕೆಂದು ತಿಳಿಯುವುದಿಲ್ಲ.

ಅವಳು ಅವರಿಗೆ ಉತ್ತರ ಬರೆದಳು. ಅವರು ಇನ್ನೂ ನಕ್ಕರು. ಹತ್ತು ಹನ್ನೆರಡು ದಿನವಾದ ಮೇಲೆ ಒಂದು ಮಧ್ಯಾಹ್ನ ಅಪ್ಪನ ಹತ್ತಿರ ಬಂದು ನಿಂತಳು. ಅವನು ಜಗಲಿಯಲ್ಲಿ ಕೂತು ದರ್ಭೆಯಿಂದ ಪವಿತ್ರದ ಉಂಗುರ ಕಟ್ಟುತ್ತಿದ್ದ.

“ಅಪ್ಪ, ಒಂದ್ಸಲ ಬಾ, ನೋಡು. ಏನ್ ಮಾಡ್ಬೇಕು ಅಂತ ನಂಗೆ ಗೊತ್ತಾಗ್ತಿಲ್ಲ.”

ಅವಳ ಧ್ವನಿ ಎಂದಿನಂತಿರಲಿಲ್ಲ. ಅದು ಅವನಿಗೆ ಕೇಳಿಸಿತು. ಇಲ್ಲಿ ನಾನು ಅವನ ಪರವಾಗಿ ಸುಳ್ಳು ಹೇಳಲಾರೆ, ಕೇಳಿಸಿತು. ಏಳುವುದಕ್ಕೆಂದು ಅವನು ಒಂದು ಕೈಯನ್ನು ನೆಲಕ್ಕೂ ಊರಿದ. ಆಮೇಲೆ ಆ ವ್ಯಾಪಾರಿ ನೆನಪಾದ. ತಲೆದೂಗಿದ ಜನ ನೆನಪಾದರು. ಕೈ ಎತ್ತಿ ದರ್ಭೆಯನ್ನೇ ತೆಗೆದುಕೊಂಡ.

“ಅದು ನಿಂದು, ಮಗು. ನಿನಗೇ ತಿಳಿಯತ್ತೆ,” ಎಂದ.

ಅವಳು ಸ್ವಲ್ಪ ಹೊತ್ತು ನಿಂತಿದ್ದಳು. ಅವನು ಎರಡು ಉಂಗುರ ಕಟ್ಟಿ ಮುಗಿಸುವಷ್ಟು ಹೊತ್ತು. ತಲೆ ಎತ್ತಿದಾಗ ಅವಳು ಅಲ್ಲಿರಲಿಲ್ಲ.

ಆಮೇಲೆ ಅವಳ ಮಾತು ಕಡಿಮೆಯಾಯಿತು. ಶ್ರಾದ್ಧದ ಮನೆಗಳಿಗೆ ಬರುವುದನ್ನು ಬಿಟ್ಟಳು. ಬೀದಿಯಲ್ಲಿ ಅವನು ಎದುರಾದರೆ ಪಕ್ಕದ ಓಣಿಗೆ ತಿರುಗುತ್ತಿದ್ದಳು. ಬೆಳೆಯುವ ಮಗು, ನಾಚಿಕೆ ಎಂದು ಪುರೋಹಿತ ತಿಳಿದ. ಒಂದು ಸಂಜೆ ಶಾಲೆಯ ಮೇಷ್ಟ್ರು ಮನೆಗೆ ಬಂದರು. ಹುಡುಗಿ ಹನ್ನೊಂದು ದಿನದಿಂದ ಶಾಲೆಗೆ ಬಂದಿಲ್ಲ ಎಂದರು. ದಿನವೂ ಚೀಲ ಹಾಕಿಕೊಂಡು ಹೋಗಿದ್ದಾಳಲ್ಲ ಎಂದು ಪುರೋಹಿತ ಗಾಬರಿಯಾದ. ಅವಳನ್ನು ಕರೆದು ಕೇಳಿದರು. ಕೆರೆಯ ಏರಿಯ ಮೇಲೆ ಕೂತಿರುತ್ತಿದ್ದೆ ಎಂದಳು. ಅಲ್ಲಿ ಏನು ಮಾಡುತ್ತಿದ್ದೆ ಎಂದರು. ಏನೂ ಇಲ್ಲ, ನೀರು ನೋಡುತ್ತಿದ್ದೆ ಎಂದಳು. ಮೇಷ್ಟ್ರ ಮುಖ ಬಿಳಿಚಿತು.

ಅವಳು ಒಳಗೆ ಹೋದ ಮೇಲೆ ಮೇಷ್ಟ್ರು ಕೇಳಿದರು, “ಅವಳ ಲ್ಯಾಪ್‌ಟಾಪಲ್ಲಿ ಏನೇನಿದೆ ಅಂತ ನೋಡಿದ್ದೀರಾ ಸ್ವಾಮಿ?”

“ಇಲ್ಲ. ಕೊಟ್ಟಿದ್ದು.”

“ಹಾಗಂದ್ರೆ?”

“ಕೊಟ್ಟಿದ್ದನ್ನ ನೋಡಬಾರದು.”

ಮೇಷ್ಟ್ರು ಅವನ ಮುಖವನ್ನು ದಿಟ್ಟಿಸಿದರು. ಆಮೇಲೆ ತಾವೇ ಹೋಗಿ ಅವಳನ್ನು ಕೇಳಿ ಲ್ಯಾಪ್‌ಟಾಪ್ ತಂದು ತೆರೆದರು. ಅವಳು ಬೇಡವೆನ್ನಲಿಲ್ಲ. ಪುರೋಹಿತ ಆಗಲೂ ಗೋಡೆಯ ಕಡೆ ಮುಖ ಮಾಡಿ ಕೂತಿದ್ದ. ಆದ್ದರಿಂದ ಮೇಷ್ಟ್ರು ಗಟ್ಟಿಯಾಗಿ ಓದಬೇಕಾಯಿತು.

ಬೇರೆಯವರು ಬರೆದದ್ದನ್ನು ಅವರು ನಾಲ್ಕು ಸಾಲು ಓದಿ ನಿಲ್ಲಿಸಿದರು. ಅವಳು ಬರೆದದ್ದನ್ನಷ್ಟೇ ಒಂದರ ಹಿಂದೊಂದು ಓದಿದರು. ‘ಇವರು ನನ್ನ ಅಪ್ಪ. ಹಾಗೆಲ್ಲ ಬರೆಯಬೇಡಿ.’ ‘ನನ್ನ ಅಪ್ಪ ಬೇಡುವುದಿಲ್ಲ, ಕರೆದರೆ ಮಾತ್ರ ಹೋಗುತ್ತಾರೆ.’ ‘ನನ್ನ ಅಪ್ಪ ಬೆಳಿಗ್ಗೆಯಿಂದ ಏನೂ ತಿಂದಿರುವುದಿಲ್ಲ, ಶ್ರಾದ್ಧ ಮುಗಿದ ಮೇಲೇ ಊಟ.’ ‘ಅಪ್ಪನೇ ನನಗೆ ಜಡೆ ಹಾಕುವುದು.’ ‘ದಯವಿಟ್ಟು ಆ ಫೋಟೋ ತೆಗೆಯಿರಿ.’ ಹೀಗೆ ಒಂದೂವರೆ ತಿಂಗಳು. ಊರಿಗೆಲ್ಲ ಕಾಣುವ ಅಪ್ಪನನ್ನು ಆ ಮಗು ಒಂಟಿಯಾಗಿ ಕಾಪಾಡುತ್ತಾ ನಿಂತಿತ್ತು. ಆ ಅಪ್ಪನಿಗೇ ಅದು ತಿಳಿದಿರಲಿಲ್ಲ.

ಪುರೋಹಿತ ಮೆಲ್ಲಗೆ ಈ ಕಡೆ ತಿರುಗಿದ.

ಕೊನೆಯ ಫೋಟೋದ ಕೆಳಗೆ ಒಬ್ಬರು ಕೇಳಿದ್ದರು, ‘ಯಾಕೆ ಸುಮ್ಮನಾದೆ? ಇವನು ನಿನ್ನ ಅಪ್ಪ ಹೌದೋ ಅಲ್ಲವೋ?’ ಅದಕ್ಕೆ ಎರಡು ದಿನ ಉತ್ತರವಿರಲಿಲ್ಲ. ಮೂರನೆಯ ದಿನ ಅವಳು ಎರಡೇ ಪದ ಬರೆದಿದ್ದಳು.

‘ನ ಮಮ.’

ಅದರ ಕೆಳಗೆ ಯಾರೂ ನಕ್ಕಿರಲಿಲ್ಲ. ಯಾರಿಗೂ ಅರ್ಥವಾಗಿರಲಿಲ್ಲ. ಅವಳು ಶಾಲೆ ಬಿಟ್ಟದ್ದು ಮರುದಿನದಿಂದ.

ಮೇಷ್ಟ್ರಿಗೂ ಸಂಸ್ಕೃತ ಬಾರದು. “ಇದೇನು ಸ್ವಾಮಿ? ಏನು ಹಾಗಂದ್ರೆ?” ಎಂದು ಕೇಳಿದರು. ಊರಿಗೆಲ್ಲ ಆ ಮಾತು ಹೇಳಿಕೊಟ್ಟವನಿಗೆ ಅದರ ಅರ್ಥ ಹೇಳಲು ಬಾಯಿ ಬರಲಿಲ್ಲ.

ಮೇಷ್ಟ್ರು ಹೋದರು. ಆ ಮಕ್ಕಳನ್ನು ಗದರಿಸಿದರು, ಫೋಟೋಗಳನ್ನು ತೆಗೆಸಿದರು. ಮಕ್ಕಳು ಅತ್ತು ಕ್ಷಮೆ ಕೇಳಿದವು. ಅದೆಲ್ಲ ಎರಡು ದಿನದ ಕೆಲಸ. ಮೇಷ್ಟ್ರು ಹೋದ ಆ ಸಂಜೆಯೇ ಪುರೋಹಿತ ಹಿತ್ತಲಿಗೆ ಹೋದ. ಮಗಳು ಪಾತ್ರೆ ತೊಳೆಯುತ್ತಿದ್ದಳು. ಅವನು ಅವಳ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ. ಅವನ ಕಣ್ಣು ತುಂಬಿತ್ತು.

“ಮಗು, ಏನೇನಿದೆ, ನಂಗೆ ತೋರಿಸು,” ಎಂದ.

“ಏನೂ ಇಲ್ಲಪ್ಪ,” ಎಂದಳು ಮಗಳು.

ಅವಳಿಗೆ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಚೆನ್ನಾಗಿತ್ತು, ಅದು ಒಂದು ದಿನ ಇಳಿಯುತ್ತದೆ. ಅವಳು ಮತ್ತೆ ಶಾಲೆಗೆ ಹೋದಳು. ಚೆನ್ನಾಗಿ ಓದಿದಳು. ಅಡುಗೆ ಕಲಿತು ಅವನಿಗೆ ಹೊತ್ತುಹೊತ್ತಿಗೆ ಬಡಿಸಿದಳು. ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಿದ್ದಳು, ಎದುರು ಮಾತಾಡುತ್ತಿರಲಿಲ್ಲ. ಅವನು ದಿನವೂ ಅವಳ ಪಕ್ಕದಲ್ಲಿ ಕೂತು ಲ್ಯಾಪ್‌ಟಾಪ್ ನೋಡತೊಡಗಿದ. ಅವಳು ಸ್ವಲ್ಪ ಸರಿದು ಜಾಗ ಕೊಡುತ್ತಿದ್ದಳು. ಅದರಲ್ಲಿ ಪಾಠ ಇರುತ್ತಿತ್ತು, ಲೆಕ್ಕ ಇರುತ್ತಿತ್ತು, ಮತ್ತೇನೂ ಇರುತ್ತಿರಲಿಲ್ಲ. ತಾನಾಗಿ ಅವಳು ಅವನಿಗೆ ಏನನ್ನೂ ಹೇಳಲಿಲ್ಲ. ಜ್ವರ ಬಂದರೆ ತಾನೇ ಕಷಾಯ ಕಾಯಿಸಿ ಕುಡಿಯುತ್ತಿದ್ದಳು. ಬಂದಿತ್ತೆಂದು ಅವನಿಗೆ ತಿಳಿಯುತ್ತಿದ್ದದ್ದು ಬಿಟ್ಟ ಮೇಲೆ. ಊರಿನವರು ಎಂಥ ವಿಧೇಯ ಮಗಳು ಎಂದು ಹೊಗಳುತ್ತಿದ್ದರು. ಆಗೆಲ್ಲ ಪುರೋಹಿತ ಬೇರೆ ಕಡೆ ನೋಡುತ್ತಿದ್ದ. ಹೀಗೆ ಹತ್ತು ವರ್ಷ ಕಳೆಯಿತು. ಈಗಲೂ ಹಾಗೆಯೇ ಇದ್ದಾರಂತೆ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನಿಗೆ ಸಂಕಟವಾಗಿತ್ತು. ಆದರೆ ತನಗೆ ಬೇಕಾದ ಉತ್ತರ ಸಿಕ್ಕಿತೆಂಬ ಸಮಾಧಾನವೂ ಇತ್ತು. “ಎಂಥ ಮೂರ್ಖ ಮನುಷ್ಯ! ನಾನು ಆ ತಪ್ಪು ಮಾಡುವುದಿಲ್ಲ, ಗುರುಗಳೇ. ಪಾಸ್‌ವರ್ಡ್ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ದಿನಾ ತೆಗೆದು ನೋಡುತ್ತೇನೆ. ಅವಳು ಕರೆಯುವವರೆಗೂ ಕಾಯುವುದೇ ಇಲ್ಲ,” ಎಂದ.

ಗುರುಗಳು ಅವನ ಕಡೆ ತಿರುಗಿ ಕೇಳಿದರು: “ನಿನ್ನ ಮಗಳು ನಿನ್ನನ್ನು ‘ಬಾ, ನೋಡು’ ಎಂದು ಕೊನೆಯ ಸಲ ಕರೆದದ್ದು ಯಾವಾಗ?”